ಊರಿನ ಬಾಯಿ, ಮನೆಯ ಕಿವಿ

ಊಟದ ಹೊತ್ತಿನಲ್ಲಿ ಪತ್ರಿಕೆಯ ಮಾತು ತೆಗೆದರೆ ಅನ್ನ ತಣ್ಣಗಾಗುತ್ತದೆ ಎಂಬುದು ಅಜ್ಜಿಯ ನಲವತ್ತೊಂದು ವರ್ಷದ ಅನುಭವ. ಅಷ್ಟು ವರ್ಷದಿಂದಲೂ ಆ ಮನೆಯ ಮುಂದಿನ ಕೋಣೆಯೇ ವಾರಪತ್ರಿಕೆಯ ಕಚೇರಿ, ಹಿತ್ತಲಿನ ತಗಡಿನ ಶೆಡ್ಡೇ ಅಚ್ಚಿನ ಮನೆ, ನಡುವಿನ ಊಟದ ಮೇಜೇ ಕರಡು ತಿದ್ದುವ ಜಾಗ. ತಾತ ಸಂಪಾದಕರು. ಮಗ ಅಚ್ಚಿನ ಯಂತ್ರ ನೋಡಿಕೊಳ್ಳುವವನು; ಮಾತು ಕಡಿಮೆ, ಉಗುರಿನ ಸಂದಿಯ ಮಸಿ ಎಷ್ಟು ಉಜ್ಜಿದರೂ ಹೋಗದು. ಸೊಸೆ ಊರೆಲ್ಲ ಸುತ್ತಿ ಸುದ್ದಿ ತಂದು ಬರೆಯುವವಳು. ಮೊಮ್ಮಗಳಿಗೆ ಹತ್ತೊಂಬತ್ತು ತುಂಬಿದ್ದರೂ ಮನೆಯವರ ಬಾಯಲ್ಲಿ ಅವಳಿನ್ನೂ ಪಾಪು. ಅಜ್ಜಿ ಕರಡು ತಿದ್ದುತ್ತಿದ್ದರು. ಪತ್ರಿಕೆಯಲ್ಲಿ ಅವರ ಹೆಸರು ಒಮ್ಮೆಯೂ ಬಂದಿರಲಿಲ್ಲ. ಹೆಸರು ಬಂದವರ ಕಾಗುಣಿತವನ್ನೆಲ್ಲ ಸರಿಮಾಡಿದವರು ಮಾತ್ರ ಅವರೇ.

ಆ ಗುರುವಾರ ಎಲ್ಲರಿಗೂ ಬಡಿಸಿ ತಾನೂ ಕೂತ ಮೇಲೆ ಸೊಸೆ ಮಾತು ತೆಗೆದಳು. ಅಂಗಡಿಗಳಿಂದ ಮಾರಾಟವಾಗದೆ ವಾಪಸು ಬರುವ ಕಟ್ಟುಗಳು ವಾರದಿಂದ ವಾರಕ್ಕೆ ದಪ್ಪವಾಗುತ್ತಿದ್ದವು. ಸೇತುವೆಯ ಮೇಲೆ ಬಸ್ಸು ಕೆಟ್ಟು ನಿಂತು ಊರೆಲ್ಲ ಒದ್ದಾಡಿದ ಸುದ್ದಿ ಪತ್ರಿಕೆಯಲ್ಲಿ ಬರುವಷ್ಟರಲ್ಲಿ ಬಸ್ಸು ರಿಪೇರಿಯಾಗಿ ಓಡಾಡುತ್ತಿತ್ತು. ನಿಮ್ಮ ಪತ್ರಿಕೆ ಓದಿದರೆ ಹೋದ ವಾರ ಇನ್ನೊಂದು ಸಲ ಬಂದ ಹಾಗಾಗುತ್ತದೆ ಎಂದು ಹಾಲಿನ ಅಂಗಡಿಯವನು ಅವಳ ಮುಖದ ಮೇಲೇ ನಕ್ಕಿದ್ದ. ಅದಕ್ಕೇ ಪತ್ರಿಕೆಯ ಹೆಸರಿನಲ್ಲಿ ಆನ್‌ಲೈನಿನಲ್ಲೊಂದು ಪುಟ ತೆರೆದಿದ್ದೇನೆ, ಅಲ್ಲಿ ನಾವು ಮಾತ್ರವಲ್ಲ, ಊರವರೂ ಬರೆಯಬಹುದು ಎಂದಳು.

ತಾತ ಎತ್ತಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು.

"ತೆರೆದಿದ್ದೀಯೋ, ತೆರೀಲಾ ಅಂತ ಕೇಳ್ತಿದ್ದೀಯೋ?"

"ತೆರೆದಿದ್ದೀನಿ ಮಾವ. ಕೇಳಿದ್ರೆ ಬೇಡ ಅಂತಿದ್ರಿ."

"ಊರಿನ ಬಾಯಿಗೆ ಬೀಗ ಹಾಕೋಕಾಗಲ್ಲ, ಒಪ್ಪಿದೆ. ಹಾಗಂತ ಅದರ ಕೈಗೆ ಪತ್ರಿಕೆ ಕೊಟ್ಟುಬಿಡೋದಾ?"

"ಬೀಗಾನೂ ಬೇಡ, ಬೀಗದ ಕೈಯೂ ಬೇಡ. ನಾವು ಸ್ವಲ್ಪ ಕಿವಿ ಕೊಡೋಣ ಅಂದೆ, ಅಷ್ಟೇ."

ಸುದ್ದಿ ಎಂದರೆ ಹೋಗಿ ನೋಡಿ, ನಾಲ್ಕು ಜನರನ್ನು ಕೇಳಿ, ಬರೆದು, ಹೊಡೆದು ಹಾಕಿ, ಮತ್ತೆ ಬರೆಯುವುದು. ಕಟ್ಟೆಯ ಮೇಲೆ ಕೂತವರು ಆಡಿದ್ದೆಲ್ಲ ಸುದ್ದಿಯಾದರೆ ಪತ್ರಿಕೆ ಯಾಕೆ ಬೇಕು, ಕಟ್ಟೆಯೇ ಸಾಕಲ್ಲ ಎಂದು ತಾತ ಗುಡುಗಿದರು. ಆಮೇಲೆ ತಟ್ಟೆ ಎತ್ತಿಕೊಂಡು ಹಿತ್ತಲಿನ ಶೆಡ್ಡಿಗೆ ನಡೆದರು. ಅವತ್ತಿನಿಂದ ಅವರ ಊಟ ಅಲ್ಲೇ, ಕಾಗದದ ರೀಮುಗಳ ಮೇಲೆ. ಒಬ್ಬರೇ ಉಣ್ಣಬಾರದೆಂದು ಅಜ್ಜಿ ಮಗನ ತಟ್ಟೆಯನ್ನೂ ಅಲ್ಲಿಗೇ ಕಳಿಸಿದರು. ಅಪ್ಪನ ಎದುರು ಹೆಂಡತಿಯ ಮಾತು ಆಡುವಂತಿಲ್ಲ, ಹೆಂಡತಿಯ ಎದುರು ಅಪ್ಪನ ಮಾತು ಆಡುವಂತಿಲ್ಲ. ಮಗನ ಪಾಡು ಅಡಕತ್ತರಿಗೆ ಸಿಕ್ಕಿದ ಅಡಕೆಯಂತಾಯಿತು. ಅವನು ಆ ದಿನಗಳಲ್ಲಿ ಯಂತ್ರಕ್ಕೆ ಹಾಕಿದಷ್ಟು ಎಣ್ಣೆಯನ್ನು ಹಿಂದೆಂದೂ ಹಾಕಿರಲಿಲ್ಲ.

ಪುಟ ನಿಧಾನವಾಗಿ ತುಂಬತೊಡಗಿತು. ಮೊದಲು ಬಂದದ್ದು ಕಳೆದುಹೋದ ಕೊಡೆಯ ಸುದ್ದಿ. ಆಮೇಲೆ ಮೂಲೆಯ ಬೀದಿದೀಪ. ನಿವೃತ್ತರಾಗಿದ್ದ ಅಂಚೆಯವರೊಬ್ಬರು ಬಸ್ ನಿಲ್ದಾಣದ ಎದುರಿನ ಬೆಂಚಿನಲ್ಲಿ ಕೂತು ಯಾವ ಬಸ್ಸು ಎಷ್ಟು ನಿಮಿಷ ತಡ ಎಂದು ದಿನವೂ ಬರೆಯತೊಡಗಿದರು. ಮೂವತ್ತು ವರ್ಷ ಬೇರೆಯವರ ಕಾಗದ ಹಂಚಿದವರಿಗೆ ತಾವೇ ಬರೆಯುವ ರುಚಿ ಹತ್ತಿತ್ತು. ಬಂದದ್ದನ್ನು ಓದಿ, ಬೈಗುಳ ತೆಗೆದು, ಪುಟಕ್ಕೆ ಏರಿಸುವುದು ಪಾಪುವಿನ ಪಾಲಿನ ಕೆಲಸ.

ತಾತ ಪುಟವನ್ನು ಮೊಬೈಲಿನಲ್ಲಿ ನೋಡುವುದಿಲ್ಲ ಎಂದಿದ್ದರು. ಆದರೆ ಬೆಳಿಗ್ಗೆ ಚಹಾ ಆದ ಕೂಡಲೇ ಹಿಂದಿನ ದಿನದ್ದನ್ನೆಲ್ಲ ಕಾಗದದ ಮೇಲೆ ತೆಗೆದುಕೊಡು ಎಂದು ಪಾಪುವನ್ನು ಕೇಳುತ್ತಿದ್ದರು, ಕೆಂಪು ಪೆನ್ನು ಹಿಡಿದು ತಪ್ಪುಗಳಿಗೆಲ್ಲ ಸುತ್ತು ಹಾಕಿ ಅಡುಗೆಮನೆಯ ಗೋಡೆಗೆ ಅಂಟಿಸುತ್ತಿದ್ದರು. ಅಂಚೆಯವರ ಒಂದು ಟಿಪ್ಪಣಿಯಲ್ಲಿ ಹನ್ನೊಂದು ಸುತ್ತು ಬಿದ್ದವು. ಈರುಳ್ಳಿ ಹೆಚ್ಚುತ್ತಿದ್ದ ಅಜ್ಜಿ ಅದನ್ನು ಓದಿ, ಎರಡು ಸುತ್ತು ಹೆಚ್ಚಾಗಿದೆ, ಆ ಪದಗಳು ಸರಿಯಾಗೇ ಇವೆ ಎಂದರು. ತಾತ ಕನ್ನಡಕ ಏರಿಸಿ ನೋಡಿ, ಆ ಎರಡು ಸುತ್ತುಗಳನ್ನು ಅಡ್ಡಗೆರೆ ಎಳೆದು ತೆಗೆದರು. ಸೊಸೆ ನಗು ತಡೆದುಕೊಳ್ಳಲು ಹಿತ್ತಲಿಗೆ ಹೋಗಬೇಕಾಯಿತು.

ಐದನೆಯ ವಾರ ಸೊಸೆಯ ತಂಗಿಗೆ ಹೆರಿಗೆಯಾಯಿತು. ಸೊಸೆ ಎರಡು ದಿನಕ್ಕೆಂದು ಪಕ್ಕದ ಊರಿಗೆ ಹೋದಳು. ಪುಟವನ್ನು ನೀನೇ ನೋಡಿಕೋ, ಏನಾದರೂ ಅನುಮಾನ ಬಂದರೆ ಫೋನು ಮಾಡು ಎಂದು ಮಗಳಿಗೆ ಹೇಳಿದ್ದಳು. ಮಂಗಳವಾರ ಮಧ್ಯಾಹ್ನ ಒಬ್ಬ ತಾಯಿಯ ಸಂದೇಶ ಬಂತು. ಶಾಲೆಯಲ್ಲಿ ಊಟ ಮಾಡಿ ಬಂದ ತನ್ನ ಮಗನಿಗೆ ರಾತ್ರಿಯಿಡೀ ವಾಂತಿ. ಅಡುಗೆಯಾಕೆ ಹಳಸಿದ ಅನ್ನ ಬಡಿಸುತ್ತಾಳೆ, ಇದನ್ನು ಕೇಳುವವರಿಲ್ಲವೇ ಎಂದು ಬರೆದಿತ್ತು. ತಾಯಿ ಪಾಪುವಿಗೆ ಗೊತ್ತಿದ್ದವಳೇ; ಮಗುವಿಗೆ ಹುಷಾರಿಲ್ಲದ್ದೂ ನಿಜ. ಪಾಪುವಿಗೆ ಅನುಮಾನವೇ ಬರಲಿಲ್ಲ. ಏರಿಸಿಬಿಟ್ಟಳು.

ಎರಡು ಗಂಟೆಯೊಳಗೆ ಅದರ ಕೆಳಗೆ ಅರವತ್ತು ಜನ ಬರೆದಿದ್ದರು. ನಮ್ಮ ಮಗುವಿಗೂ ಹೊಟ್ಟೆನೋವು ಎಂದರು ಕೆಲವರು. ಅವಳು ಮನೆಗೆ ಅಕ್ಕಿ ಸಾಗಿಸುತ್ತಾಳೆ ಎಂದರು ಇನ್ನು ಕೆಲವರು. ಸಂಜೆಯ ಹೊತ್ತಿಗೆ ಶಾಲೆಯ ಮುಖ್ಯೋಪಾಧ್ಯಾಯಿನಿ ಅಡುಗೆಯಾಕೆಯನ್ನು ಕರೆದು, ವಿಚಾರಣೆ ಮುಗಿಯುವವರೆಗೆ ಬರಬೇಡಿ ಎಂದು ಹೇಳಿ ಅಡುಗೆಮನೆಯ ಬೀಗದ ಕೈ ವಾಪಸು ತೆಗೆದುಕೊಂಡರು. ಆ ಸುದ್ದಿ ತಿಳಿದಾಗ ಪಾಪು, ನಮ್ಮ ಪುಟದಿಂದ ಒಂದು ಕೆಲಸವಾಯಿತು ಎಂದು ಒಳಗೊಳಗೇ ಹೆಮ್ಮೆ ಪಟ್ಟಳು.

ಬುಧವಾರ ಬೆಳಿಗ್ಗೆ ತಾತ ಆ ಹಾಳೆಯನ್ನು ಎರಡು ಸಲ ಓದಿದರು. ಪೆನ್ನಿನ ಮುಚ್ಚಳ ತೆಗೆಯಲಿಲ್ಲ.

"ಅಡುಗೆಯಾಕೆಯನ್ನ ಕೇಳಿದ್ಯಾ ಮಗು?"

"ಇಲ್ಲ ತಾತ."

"ನೀನು ಎಷ್ಟು ವರ್ಷ ಉಂಡಿದ್ದೀಯ ಅವಳ ಕೈಯಲ್ಲಿ?"

ಆರು ವರ್ಷ. ತಟ್ಟೆ ಹಿಡಿದು ಸಾಲಿನಲ್ಲಿ ನಿಂತಾಗ, ಸಣಕಲಿಗೆ ಇನ್ನೊಂದು ಸೌಟು ಎಂದು ಹೇಳಿ ಬಡಿಸುತ್ತಿದ್ದವಳು ಅವಳು. ಪಾಪು ಮೊಬೈಲು ತೆಗೆದು, ಒರಟಾಗಿ ಒತ್ತಿ, ಅಳಿಸಿಬಿಟ್ಟೆ ಎಂದಳು.

"ಪುಟದಿಂದ ಅಳಿಸಿದೆ. ಊರಿನ ತಲೆಯಿಂದ?" ಎಂದರು ತಾತ. ದನಿ ಏರಿರಲಿಲ್ಲ, ಅದರಿಂದಲೇ ಪಾಪುವಿಗೆ ಹೆಚ್ಚು ನೋವಾಯಿತು.

ಸೊಸೆ ಮಧ್ಯಾಹ್ನದ ಬಸ್ಸಿಗೇ ಬಂದಿಳಿದಳು. ಐದು ವಾರದ ಮೇಲೆ ಮೊದಲ ಸಲ ಎಲ್ಲರೂ ಊಟದ ಮೇಜಿಗೆ ಕೂತರು, ಆದರೆ ಉಣ್ಣಲು ಯಾರಿಗೂ ಮನಸ್ಸಿರಲಿಲ್ಲ. ಪಾಪುವಿನ ಕಣ್ಣು ಊದಿತ್ತು. ಅವಳ ಅಪ್ಪ ಬೇಯಿಸಿದ ಮೊಟ್ಟೆಯೊಂದನ್ನು ಸುಲಿದು, ಉಪ್ಪು ಉದುರಿಸಿ, ಅವಳ ತಟ್ಟೆಯಲ್ಲಿಟ್ಟ. ತಾತ ಹೇಳುವುದನ್ನು ಹೇಳಿದರು. ಕೋತಿಯ ಕೈಗೆ ಮಾಣಿಕ್ಯ ಕೊಟ್ಟ ಹಾಗಾಯಿತು. ಈ ಪುಟವನ್ನು ಇವತ್ತೇ ಮುಚ್ಚಬೇಕು. ನಲವತ್ತೊಂದು ವರ್ಷದಲ್ಲಿ ಈ ಪತ್ರಿಕೆ ಯಾರ ಅನ್ನಕ್ಕೂ ಕಲ್ಲು ಹಾಕಿರಲಿಲ್ಲ ಎಂದರು. ಸೊಸೆ ತಪ್ಪು ತನ್ನದು, ಮಗಳ ಮೇಲೆ ಹೊರಿಸಿ ಹೋಗಬಾರದಿತ್ತು ಎಂದು ಒಪ್ಪಿಕೊಂಡಳು. ಮುಚ್ಚುವುದಾದರೆ ಮುಚ್ಚೋಣ ಎಂದೂ ಅಂದಳು.

ಆಗ ಅಜ್ಜಿ ನೀರಿನ ಲೋಟ ಕೆಳಗಿಟ್ಟರು.

"ಹಾಕಿತ್ತು," ಎಂದರು.

"ಏನು?"

"ನಮ್ಮ ಪತ್ರಿಕೇನೂ ಒಬ್ಬರ ಅನ್ನಕ್ಕೆ ಕಲ್ಲು ಹಾಕಿತ್ತು. ಬೇಕರಿಯವನು. ತೂಕದಲ್ಲಿ ಮೋಸ ಮಾಡ್ತಾನೆ ಅಂತ ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಹಾಕಿದ್ರಿ. ಆಮೇಲೆ ತಕ್ಕಡಿ ಸರಿಯಾಗೇ ಇದೆ ಅಂತ ಗೊತ್ತಾಯ್ತು. ನಾಲ್ಕನೇ ಪುಟದ ಮೂಲೇಲಿ ಎರಡು ಸಾಲು ಹಾಕಿದ್ರಿ. ಆ ಎರಡು ಸಾಲಿನ ಕರಡು ತಿದ್ದಿದವಳು ನಾನು. ಭೂತಗನ್ನಡಿ ಹಿಡಿದು ತಿದ್ದಿದ್ದೆ, ಅಷ್ಟು ಸಣ್ಣಕ್ಷರ."

ತಾತ ಹೆಂಡತಿಯನ್ನೇ ನೋಡುತ್ತ ಕೂತರು. ಬೇಕರಿಯವನು ಅದೇ ವರ್ಷ ಅಂಗಡಿ ಮುಚ್ಚಿ ಊರು ಬಿಟ್ಟಿದ್ದ. ಆ ಮಾತನ್ನು ಮೂವತ್ತು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ಎತ್ತಿರಲಿಲ್ಲ.

"ಆವಾಗ್ಲೇ ಯಾಕೆ ಹೇಳಲಿಲ್ಲ ನೀನು?"

"ಆವಾಗ ನನ್ನನ್ನ ಯಾರು ಕೇಳಿದ್ರು? ಕಾಗುಣಿತ ನೋಡು ಅಂದಿದ್ರಿ, ನೋಡಿದೆ."

ತಾತ ಮಗನ ಕಡೆ ತಿರುಗಿ, ನಾಳೆಯ ಮುಖಪುಟ ಯಂತ್ರಕ್ಕೆ ಏರಿಸಿದೆಯಾ ಎಂದು ಕೇಳಿದರು. ಏರಿಸಿದ್ದೇನೆ, ಸಂಜೆ ಶುರು ಮಾಡಬೇಕು ಎಂದ ಮಗ. ಇಳಿಸು ಎಂದರು ತಾತ. ಆಮೇಲೆ ಮೊಮ್ಮಗಳಿಗೆ ಚಪ್ಪಲಿ ಮೆಟ್ಟಿಕೋ ಎಂದರು.

ಅಡುಗೆಯಾಕೆಯ ಮನೆ ಲಾಂಡ್ರಿ ಅಂಗಡಿಯ ಮೇಲಿನ ಒಂದೇ ಕೋಣೆ. ಏಣಿಯಂಥ ಮೆಟ್ಟಿಲು. ತಾತ ಎರಡು ಕಡೆ ನಿಂತು ಉಸಿರು ತೆಗೆದುಕೊಂಡು ಹತ್ತಿದರು. ಆಕೆ ನೆಲದ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಳು, ಒಬ್ಬರಿಗೆ ಬೇಕಾಗುವುದಕ್ಕಿಂತ ಬಹಳ ಹೆಚ್ಚು ಸೊಪ್ಪು. ಕೈಗೆ ಬೇರೆ ಕೆಲಸವಿಲ್ಲದೆ ಬಿಡಿಸುತ್ತಿದ್ದಳೇನೋ. ಬಂದವರನ್ನು ನೋಡಿದಳು, ಕೂರಿ ಎನ್ನಲಿಲ್ಲ. ತಾತ ನಿಂತೇ ಹೇಳಿದರು: ನಿಮ್ಮನ್ನು ಕೇಳದೆ ಹಾಕಿದ್ದು ನಮ್ಮ ಪತ್ರಿಕೆಯ ತಪ್ಪು, ಅದನ್ನು ಹೇಳುವುದಕ್ಕೆ ಬಂದೆವು. ಪಾಪು, ಹಾಕಿದವಳು ನಾನೇ ಅಕ್ಕ ಎಂದಳು. ಅದನ್ನು ಹೇಳು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆಕೆ ಅವಳನ್ನು ಗುರುತು ಹಿಡಿದಳು.

"ಸಣಕಲಿ," ಎಂದಳು. "ನಿನಗೆ ನನ್ನ ಮನೆ ಗೊತ್ತಿರಲಿಲ್ವಾ?"

"ಗೊತ್ತಿತ್ತು ಅಕ್ಕ."

"ಬಂದು ಕೇಳಿದ್ರೆ ಹೇಳ್ತಿದ್ದೆ. ಆವತ್ತಿನ ಅನ್ನ ಆವತ್ತೇ ಬೇಯಿಸಿದ್ದು. ನಾನೂ ಅದನ್ನೇ ಉಂಡೆ, ನನಗೇನೂ ಆಗಲಿಲ್ಲ. ಕೆಳಗಡೆ ಲಾಂಡ್ರಿಯವಳ ಕೂಸಿಗೂ ಮೂರು ದಿನದಿಂದ ಹೊಟ್ಟೆ ಕೆಟ್ಟಿದೆ. ಅದಕ್ಕಿನ್ನೂ ಹಲ್ಲೇ ಬಂದಿಲ್ಲ, ಅದು ಯಾವ ಶಾಲೆಗೆ ಬಂದು ಉಂಡಿತ್ತು?"

ತಾತ ಥಟ್ಟನೆ ತಲೆಯೆತ್ತಿದರು. ಹೊರಡುವಾಗ, ನೀವು ಹೇಳಿದ್ದನ್ನು ಹಾಕಬಹುದೇ ಎಂದು ಪಾಪು ಕೇಳಿದಳು. ಆಕೆ ಸೊಪ್ಪಿನಿಂದ ಕಣ್ಣೆತ್ತದೆ, ಹಾಕು ಎಂದಳು. ಕ್ಷಮಿಸಿದೆ ಎನ್ನಲಿಲ್ಲ.

ತಿದ್ದುಪಡಿಯನ್ನು ತಾತ ತಮ್ಮ ಕೈಯಲ್ಲೇ ಬರೆದರು, ನಾಲ್ಕು ಸಲ. ನಾಲ್ಕನೆಯದನ್ನು ಒಯ್ದು ಸೊಸೆಯ ಮುಂದಿಟ್ಟು, ನೋಡಮ್ಮ ಎಂದರು. ಆ ಮನೆಗೆ ಬಂದ ಇಪ್ಪತ್ತೆರಡು ವರ್ಷದಲ್ಲಿ ಮಾವ ತಾವು ಬರೆದದ್ದನ್ನು ನೋಡು ಎಂದು ಕೊಟ್ಟದ್ದು ಅದೇ ಮೊದಲು. ಸೊಸೆ ಓದಿದಳು. 'ವಿಷಾದವಾಗಿದೆ' ಎಂಬಲ್ಲಿ ಬೆರಳಿಟ್ಟು, ಇದು ತಾನಾಗೇ ಆದ ಹಾಗಿದೆ ಮಾವ, ನಾವು ಮಾಡಿದ ಹಾಗಿಲ್ಲ ಎಂದಳು. ತಾತ ಅದನ್ನು ಹೊಡೆದು 'ತಪ್ಪು ಮಾಡಿದೆವು' ಎಂದು ಬರೆದರು. ಗುರುವಾರ ಅದು ಮುಖಪುಟದ ನೆತ್ತಿಯಲ್ಲಿ, ದಪ್ಪಕ್ಷರದಲ್ಲಿ ಬಂತು. ಆನ್‌ಲೈನ್ ಪುಟದಲ್ಲೂ ಎಲ್ಲಕ್ಕಿಂತ ಮೇಲೆ ಅದೇ. ಅದರ ಜೊತೆಗೆ ಕರಡಿನ ಹಾಳೆಯ ಹಿಂದೆ ಮೂರು ಮಾತು ಬರೆದು ಸೊಸೆ ಮುಂದಿನ ಕೋಣೆಯಲ್ಲಿ ತೂಗುಹಾಕಿದಳು: ಕಂಡವರು ಯಾರು ಎಂದು ಕೇಳಬೇಕು, ಯಾರ ಮೇಲೆ ದೂರಿದೆಯೋ ಅವರನ್ನು ಕೇಳದೆ ಹಾಕಬಾರದು, ತಪ್ಪು ಯಾವ ಅಳತೆಯಲ್ಲಿ ಬಂತೋ ತಿದ್ದುಪಡಿಯೂ ಅದೇ ಅಳತೆಯಲ್ಲಿ ಬರಬೇಕು. ಮೂರನೆಯದನ್ನು ಹೇಳಿ ಬರೆಸಿದವರು ಅಜ್ಜಿ.

ಆದರೆ ಮಕ್ಕಳಿಗೆ ಹುಷಾರಿಲ್ಲದ್ದು ಏಕೆಂಬುದು ಹಾಗೇ ಉಳಿದಿತ್ತು. ಗುರುವಾರದ ಊಟದಲ್ಲಿ ಅಜ್ಜಿಯೇ ಆ ಮಾತು ತೆಗೆದರು. ಅಡುಗೆಯಾಕೆ ಅನ್ನ ತಿಂದಿದ್ದಾಳೆ, ಏನೂ ಆಗಿಲ್ಲ. ಅವಳು ನೀರು ಕುಡಿದಿದ್ದಳೇ ಎಂದು ಕೇಳಿದರು. ಪಾಪು ಮತ್ತೆ ಓಡಿಹೋಗಿ ಕೇಳಿಕೊಂಡು ಬಂದಳು. ಆಕೆ ಕುದಿಸಿದ ಚಹಾ ಬಿಟ್ಟರೆ ಬೇರೇನೂ ಕುಡಿಯುವವಳಲ್ಲ. ಮಕ್ಕಳು ನಲ್ಲಿಗೆ ಬಾಯಿಟ್ಟು ಕುಡಿಯುತ್ತಾರೆ.

ಸೊಸೆ ಪುಟದಲ್ಲಿ ಊರಿಗೆ ನಾಲ್ಕು ಪ್ರಶ್ನೆ ಹಾಕಿದಳು. ನಿಮ್ಮ ಮನೆಯಲ್ಲಿ ಯಾರಿಗೆ ಹುಷಾರಿಲ್ಲ, ಯಾವ ದಿನದಿಂದ, ಯಾವ ಬೀದಿ, ಕುಡಿಯುವ ನೀರು ಎಲ್ಲಿಂದ. ಊಹೆ ಬೇಡ, ನಿಮ್ಮ ಮನೆಯದ್ದಷ್ಟೇ ಬರೆಯಿರಿ ಎಂದಳು. ಮೊಬೈಲು ಇಲ್ಲದವರ ಮನೆಗಳಿಗೆ ಅಂಚೆಯವರು ಹಳೆಯ ಚೀಲ ಹೆಗಲಿಗೇರಿಸಿಕೊಂಡು ಚೀಟಿ ಹಿಡಿದು ಹೋದರು. ಉತ್ತರಗಳು ಬಂದವು. ಒಂದೊಂದನ್ನೂ ಪಾಪು ಓದಿ ಹೇಳುತ್ತಿದ್ದಳು, ಅಜ್ಜಿ ಆ ಮನೆಗೆ ಫೋನು ಮಾಡುತ್ತಿದ್ದರು. ಅಜ್ಜಿಯ ಫೋನು ಕೇಳುವುದೇ ಒಂದು ಪಾಠ ಎಂದು ಸೊಸೆಗೆ ಆಗ ಗೊತ್ತಾಯಿತು. ಮೊದಲು ಮಗು ಹೇಗಿದೆ ಎಂದು ಕೇಳುವರು, ಗಂಜಿ ಕುಡಿಯಿತೇ ಎಂದು ಕೇಳುವರು, ಆಮೇಲೆ ಮೆಲ್ಲಗೆ, ಸೋಮವಾರ ಅಂದೆಯಲ್ಲ ತಾಯಿ, ಸೋಮವಾರ ಬೆಳಿಗ್ಗೆಯೋ ಸಂಜೆಯೋ ಎನ್ನುವರು. ಕಾಗುಣಿತದಲ್ಲಿ ಕೊಂಬು ಜಾರಿದರೆ ಬಿಡದವರು ದಿನ ಜಾರಿದರೆ ಬಿಡುವರೇ. ಅರವತ್ತೆಂಟು ಉತ್ತರಗಳಲ್ಲಿ ಅಜ್ಜಿಯ ಜರಡಿಯಲ್ಲಿ ಉಳಿದದ್ದು ನಲವತ್ತಮೂರು ಮನೆ.

ಮಗ ಶೆಡ್ಡಿನಿಂದ ಉದ್ದದ ಕಾಗದವೊಂದನ್ನು ತಂದು ಮುಂದಿನ ಕೋಣೆಯ ಗೋಡೆಗೆ ಮೊಳೆ ಹೊಡೆದ. ಅದರ ಮೇಲೆ ಊರಿನ ಬೀದಿಗಳನ್ನು ಬರೆದ; ಅವನಿಗೆ ಅಷ್ಟು ಚೆನ್ನಾಗಿ ಚಿತ್ರ ಬರುತ್ತದೆಂದು ಹೆಂಡತಿಗೂ ಗೊತ್ತಿರಲಿಲ್ಲ. ನಲವತ್ತಮೂರು ಮನೆಗಳಿಗೆ ಪಾಪು ಚುಕ್ಕೆ ಇಡುತ್ತ ಹೋದಳು. ಶನಿವಾರ ಸಂಜೆ ತಾತ ಬಾಗಿಲಲ್ಲಿ ನಿಂತು ಆ ಚುಕ್ಕೆಗಳನ್ನು ನೋಡಿದರು. ಒಳಗೆ ಬಂದು ಪಾಪುವಿನ ಕೈಯಿಂದ ಪೆನ್ನು ಇಸಿದುಕೊಂಡು ಹಳೆಯ ನೀರಿನ ತೊಟ್ಟಿಯಿಂದ ಸೇತುವೆಯ ಪಕ್ಕ, ಲಾಂಡ್ರಿಯ ಗಲ್ಲಿ ಹಾದು ಶಾಲೆಯವರೆಗೆ ಒಂದು ಗೆರೆ ಎಳೆದರು. ಮೂರನ್ನು ಬಿಟ್ಟು ಉಳಿದೆಲ್ಲ ಚುಕ್ಕೆಗಳೂ ಆ ಗೆರೆಯ ಪಕ್ಕದಲ್ಲೇ ಆಚೀಚೆ ಬಿದ್ದವು.

"ಈ ಪೈಪು ಹಾಕಿದಾಗ ನಾನೇ ಬರೆದಿದ್ದೆ," ಎಂದರು. "ಗುಂಡಿಯೊಳಗೆ ಇಳಿದು ನೋಡಿ ಬರೆದಿದ್ದೆ."

ಉಳಿದ ಮೂರು ಮನೆಗಳಿಗೆ ಅಜ್ಜಿ ಮತ್ತೆ ಫೋನು ಮಾಡಿದರು. ಎರಡು ಮನೆಯ ಮಕ್ಕಳು ಅದೇ ಶಾಲೆಯವರು. ಮೂರನೆಯದು ಏಕೆಂದು ಕೊನೆಗೂ ತಿಳಿಯಲಿಲ್ಲ. ತಿಳಿಯಲಿಲ್ಲ ಎಂದೇ ಬರೆದರು.

ನಲ್ಲಿ ರಿಪೇರಿಯವನೊಬ್ಬ ಗೋಡೆಯ ಮೇಲಿನ ಗೆರೆಯ ಮಾತನ್ನು ಅಂಚೆಯವರಿಂದ ಕೇಳಿ ಮನೆಗೇ ಬಂದ. ಸೇತುವೆಯ ಪಕ್ಕ ಮೂರು ವಾರದ ಹಿಂದೆ ಯಾರೋ ಕೇಬಲ್ಲಿಗೆಂದು ಅಗೆದು ಮುಚ್ಚಿದ್ದಾರೆ, ಆಮೇಲಿಂದ ಆ ಕಡೆಯ ನಲ್ಲಿಗಳಲ್ಲಿ ನೀರು ಸಣ್ಣಗೆ ಬರುತ್ತಿದೆ, ಅಲ್ಲೇ ಚರಂಡಿಯೂ ಇದೆ ಎಂದ. ಸೊಸೆ ನೀರು ಸರಬರಾಜಿನ ಎಂಜಿನಿಯರಿಗೆ ಫೋನು ಮಾಡಿ, ಹಾಕುವ ಮೊದಲು ನಿಮ್ಮನ್ನು ಕೇಳುತ್ತಿದ್ದೇವೆ ಎಂದಳು. ಅವರು ಮೊದಲು ಸಿಡುಕಿದರು. ಆಮೇಲೆ ತಾವೇ ಬಂದರು. ಗೋಡೆಯ ಮುಂದೆ ಚಹಾ ಲೋಟ ಹಿಡಿದು ನಿಂತವರು ಚಹಾ ಆರುವವರೆಗೂ ಚುಕ್ಕೆಗಳನ್ನು ಎಣಿಸಿದರು. ಮರುದಿನ ಅಗೆಸಿದರು. ಪೈಪು ಒಂದು ಗೇಣಿನಷ್ಟು ಬಿರಿದಿತ್ತು.

ಆ ಸುದ್ದಿ ಆನ್‌ಲೈನಿನಲ್ಲಿ ಅಂದೇ ಬಂತು: ನೀರು ಕುದಿಸಿ ಕುಡಿಯಿರಿ, ಈ ಈ ಬೀದಿಯವರು ಎಂದು. ಗುರುವಾರ ಪತ್ರಿಕೆಯಲ್ಲಿ ಪೂರ್ತಿ ಕಥೆ ಬಂತು. ಬರೆದವರು ಯಾರೆಂದು ಹಾಕುವ ಜಾಗದಲ್ಲಿ ತಾತ ತಮ್ಮ ಹೆಸರು ಹಾಕಲಿಲ್ಲ, ಸೊಸೆಯದನ್ನು ಹಾಕಿದರು. ಕೆಳಗೆ, ಒಪ್ಪಿಗೆ ಕೊಟ್ಟವರೆಲ್ಲರ ಹೆಸರು, ಬೀದಿಯ ಸಮೇತ. ಪರಿಶೀಲಿಸಿದವರು ಎಂದು ಅಜ್ಜಿಯ ಹೆಸರು. ಅಜ್ಜಿ ಅದನ್ನು ಕರಡಿನಲ್ಲೇ ನೋಡಿದ್ದರು. ಹೊಡೆದುಹಾಕಲು ಹೋದವರು ಯಾಕೋ ಪೆನ್ನು ಹಿಂದಕ್ಕೆ ತೆಗೆದುಕೊಂಡು, ಹೆಸರಿನ ಕಾಗುಣಿತ ಒಮ್ಮೆ ನೋಡಿ ಬಿಟ್ಟರು. ಆ ವಾರ ಅಂಗಡಿಗಳಿಂದ ಒಂದು ಕಟ್ಟೂ ವಾಪಸು ಬರಲಿಲ್ಲ. ಹೆಸರು ಇದ್ದವರೆಲ್ಲ ಎರಡೆರಡು ಪ್ರತಿ ಕೊಂಡಿದ್ದರು.

ಶಾಲೆಯವರು ಅಡುಗೆಯಾಕೆಯನ್ನು ಬನ್ನಿ ಎಂದು ಕರೆದರು. ಆಕೆ ಮೂರು ದಿನ ಹೋಗಲಿಲ್ಲ. ನಾಲ್ಕನೆಯ ದಿನ, ಆ ಮೊದಲ ಸಂದೇಶ ಬರೆದಿದ್ದ ತಾಯಿ ಮಗನ ಕೈ ಹಿಡಿದು ಲಾಂಡ್ರಿಯ ಮೆಟ್ಟಿಲು ಹತ್ತಿದಳು. ಒಳಗೆ ಏನು ಮಾತಾಯಿತೆಂದು ಯಾರಿಗೂ ತಿಳಿಯದು. ಪಾಪುವಿಗೆ ತಿಳಿಯುವ ಕುತೂಹಲವಿತ್ತು. ಅದು ಅವರಿಬ್ಬರ ಮಾತು, ಪುಟದ ಮಾತಲ್ಲ ಎಂದು ಸೊಸೆ ತಡೆದಳು. ಸೋಮವಾರ ಶಾಲೆಯ ಅಡುಗೆಮನೆಯಲ್ಲಿ ಮತ್ತೆ ಹೊಗೆಯೆದ್ದಿತು.

ಆಮೇಲಿನಿಂದ ಶನಿವಾರ ಸಂಜೆ ಮುಂದಿನ ಕೋಣೆಯ ಬಾಗಿಲು ತೆರೆದೇ ಇರುತ್ತಿತ್ತು. ಬೇಕಾದವರು ಬರಬಹುದು, ಕೂತು ಬರೆಯಬಹುದು, ಬರೆಯಲು ಬಾರದವರು ಹೇಳಬಹುದು. ಅಂಚೆಯವರು ಮೊದಲಿಗರು. ನಲ್ಲಿಯವನು ಬರುತ್ತಿದ್ದ, ತಾತನ ಹತ್ತಿರ ಅಲ್ಪಪ್ರಾಣ ಮಹಾಪ್ರಾಣದ ಬಗ್ಗೆ ಬೈಸಿಕೊಂಡು ನಗುತ್ತ ಹೋಗುತ್ತಿದ್ದ. ಸೊಸೆ ಚಹಾ ಮಾಡಿದರೆ ಮಗ ಲೋಟ ತೊಳೆಯುತ್ತಿದ್ದ. ತಾತ ಈಗ ಮೇಜಿಗೇ ಉಣ್ಣುತ್ತಿದ್ದರು, ಜಗಳವೂ ಮೇಜಿಗೇ ಬಂದಿತ್ತು. ಯಾವುದನ್ನು ಮೊದಲು ಆನ್‌ಲೈನಿಗೆ ಹಾಕಬೇಕು, ಯಾವುದನ್ನು ಗುರುವಾರಕ್ಕೆ ಉಳಿಸಬೇಕು ಎಂಬುದರಲ್ಲಿ ಮಾವ ಸೊಸೆ ಇಬ್ಬರೂ ಬಗ್ಗುತ್ತಿರಲಿಲ್ಲ. ಅನ್ನ ತಣ್ಣಗಾಗುವುದು ಮಾತ್ರ ತಪ್ಪಲಿಲ್ಲ.

ಮೂರನೆಯ ಶನಿವಾರ ಅಡುಗೆಯಾಕೆ ಬಂದಳು. ಆಕೆ ಬಾಗಿಲ ಹತ್ತಿರದ ಬೆಂಚಿನ ತುದಿಯಲ್ಲಿ ಕೂತು, ನಾನೊಂದು ಹೇಳಬೇಕು, ಯಾರು ಬರೆದುಕೊಳ್ಳುತ್ತೀರಿ ಎಂದಳು. ಪಾಪು ಏಳುವ ಮೊದಲೇ ತಾತ ಕಾಗದ ತೆಗೆದುಕೊಂಡು ಬೆಂಚಿನ ಇನ್ನೊಂದು ತುದಿಗೆ ಹೋಗಿ ಕೂತರು.

ಶಾಲೆಯ ಅಡುಗೆಮನೆಗೆ ಕಿಟಕಿಯಿಲ್ಲ. ತಾನು ಅಲ್ಲಿ ಬೇಯಿಸುತ್ತಿರುವ ಹದಿನಾಲ್ಕು ವರ್ಷದಿಂದಲೂ ಬಾಗಿಲ ಸಂದಿಯಲ್ಲಿ ಹೋಗುವಷ್ಟೇ ಹೊಗೆ ಹೊರಗೆ ಹೋಗುತ್ತದೆ. ತನಗಿಂತ ಮೊದಲು ಅಲ್ಲಿ ಬೇಯಿಸುತ್ತಿದ್ದವಳು ಕೆಮ್ಮಿ ಕೆಮ್ಮಿಯೇ ಕೆಲಸ ಬಿಟ್ಟಳು. ಮುಖ್ಯೋಪಾಧ್ಯಾಯಿನಿಯವರನ್ನು ಕೇಳಿಕೊಂಡೇ ಬಂದಿದ್ದೇನೆ, ಅವರೂ ಹೌದು ಎಂದಿದ್ದಾರೆ, ಬೇಕಾದರೆ ಫೋನು ಮಾಡಿ ಎಂದಳು. ಅಜ್ಜಿ ಆಗಲೇ ಫೋನು ಎತ್ತಿಕೊಂಡಿದ್ದರು.

ತಾತ ಬರೆದದ್ದನ್ನು ಓದಿ ಹೇಳಿದರು. "ಸದರಿ ಅಡುಗೆಕೋಣೆಯಲ್ಲಿ ವಾಯುಸಂಚಾರದ ತೀವ್ರ ಕೊರತೆಯಿದ್ದು..."

"ನಾನು ಹಾಗೆ ಹೇಳಲಿಲ್ಲ," ಎಂದಳು ಆಕೆ.

ತಾತ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. "ಹೌದು. ನೀವು ಹಾಗೆ ಹೇಳಲಿಲ್ಲ," ಎಂದರು.

ಆ ಸಾಲನ್ನು ಹೊಡೆದುಹಾಕಿ ಹೊಸ ಹಾಳೆ ತೆಗೆದುಕೊಂಡರು. ಆಕೆ ಮೊದಲಿಂದ ಹೇಳಿದಳು. ಈ ಸಲ ತಾತ ಅವಳು ಅಂದದ್ದನ್ನು ಅಂದಹಾಗೇ ಬರೆದರು. ಅವಳು ನಿಂತಲ್ಲಿ ನಿಂತರು, ಕೆಮ್ಮಿದಲ್ಲಿ ಕಾದರು. ಮುಗಿದ ಮೇಲೆ, ನಿಮ್ಮ ಹೆಸರು ಹಾಕಬಹುದೇ ಎಂದು ಕೇಳಿದರು.

"ಹಾಕಿ. ಅದರ ಪಕ್ಕ ಕೆಲಸಾನೂ ಬರೀರಿ," ಎಂದಳು ಆಕೆ. ಆಮೇಲೆ ಬೆಂಚಿನ ಮೇಲೆ ಸ್ವಲ್ಪ ಒಳಗೆ ಸರಿದು, ಸರಿಯಾಗಿ ಕೂತು, ಪಾಪು ತಂದ ಚಹಾವನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು.